ಕಂಪ್ಯೂಟರ್ ಸ್ಲೋ ಆಗಿರುವುದಕ್ಕೆ ಹಾರ್ಡ್ ಡಿಸ್ಕೇ ಕಾರಣವಾ? ಪತ್ತೆ ಹಚ್ಚುವುದು ಹೀಗೆ

"ಕಂಪ್ಯೂಟರ್ ವಿಪರೀತ ಸ್ಲೋ ಆಗಿದೆ. ರ‍್ಯಾಮ್ ಜಾಸ್ತಿ ಹಾಕಿಸಬೇಕಾ, ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡಬೇಕಾ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಿಮ್ಮದು ತಿರುಗುವ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ಆಗಿದ್ದರೆ, ಈ ಎರಡಕ್ಕೂ ಕೈ ಹಾಕುವ ಮೊದಲು ಡಿಸ್ಕ್ ಹೇಗಿದೆ ಎಂದು ನೋಡಿ. ಕೆಡುತ್ತಿರುವ ಡಿಸ್ಕಿಗೆ ವಿಂಡೋಸ್ ಮತ್ತೆ ಹಾಕಿದರೆ ವೇಗ ಮರಳಿ ಬರುವುದಿಲ್ಲ. ಫಾರ್ಮ್ಯಾಟ್ ಮಾಡಿದ್ದರಿಂದ ಫೋಟೊ, ದಾಖಲೆಗಳೂ ಹೋಗುತ್ತವೆ.

ಇಲ್ಲಿ ಬೇರೇನು ಮರೆತರೂ ಒಂದು ಕ್ರಮ ನೆನಪಿರಲಿ. ಅನುಮಾನ ಬಂದ ತಕ್ಷಣ ಫೈಲ್‌ಗಳನ್ನು ಕಾಪಿ ಮಾಡಿ. ಪರೀಕ್ಷೆ ಆಮೇಲೆ. ರಿಪೇರಿ ಎಲ್ಲಕ್ಕಿಂತ ಕೊನೆಗೆ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ, ಡೇಟಾ ಹೋಗುವುದು ಅಲ್ಲೇ.

ಡಿಸ್ಕ್ ಕೆಟ್ಟರೆ ಇಡೀ ಕಂಪ್ಯೂಟರ್ ಯಾಕೆ ನಿಲ್ಲುತ್ತದೆ?

ಹಾರ್ಡ್ ಡಿಸ್ಕಿನ ಒಳಗೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಓದುವ, ಬರೆಯುವ ಹೆಡ್ ಅವುಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಅಂತರದಲ್ಲಿ ತೇಲುತ್ತದೆ. ತಟ್ಟೆಯ ಮೇಲಿನ ಜಾಗವನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದು ಭಾಗವೂ ಒಂದು ಸೆಕ್ಟರ್. ಹಳೆಯ ಡಿಸ್ಕ್‌ಗಳಲ್ಲಿ ಒಂದು ಸೆಕ್ಟರ್ ಎಂದರೆ 512 ಬೈಟ್, ಹೊಸ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ 4096 ಬೈಟ್. ಓದಲು ಆಗದಂತೆ ಹಾಳಾದ ಸೆಕ್ಟರೇ ಬ್ಯಾಡ್ ಸೆಕ್ಟರ್.

ಒಂದು ಸೆಕ್ಟರನ್ನು ಓದಲು ಆಗದಿದ್ದರೆ ಡಿಸ್ಕ್ ತಕ್ಷಣ ಕೈಚೆಲ್ಲುವುದಿಲ್ಲ. ಮಾಸಿದ ಕೈಬರಹವನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ಓದುವವರ ಹಾಗೆ, ಅದೇ ಜಾಗಕ್ಕೆ ಹೆಡ್ಡನ್ನು ತಂದು ಹಲವು ಸಲ ಪ್ರಯತ್ನಿಸುತ್ತದೆ. ಒಂದೇ ಸೆಕ್ಟರಿಗೆ ಹಲವು ಸೆಕೆಂಡ್ ಹೋಗಬಹುದು. ಅಷ್ಟು ಹೊತ್ತೂ ಆ ಡಿಸ್ಕಿನಿಂದ ಏನಾದರೂ ಬೇಕಿರುವ ಪ್ರೋಗ್ರಾಮ್‌ಗಳೆಲ್ಲ ಕಾಯುತ್ತಾ ಕೂರುತ್ತವೆ. ಮೌಸ್ ಓಡಾಡುತ್ತದೆ, ಆದರೆ ಯಾವ ವಿಂಡೋನೂ ತೆರೆಯುವುದಿಲ್ಲ. ನಿಮಗೆ "ಹ್ಯಾಂಗ್" ಎಂದು ಕಾಣುವುದು ಬಹಳ ಸಲ ಈ ಕಾಯುವಿಕೆಯೇ.

ಏನೇನು ಬೇಕು?

ನಿಮ್ಮ ಡೇಟಾ ಪೂರ್ತಿ ಹಿಡಿಸುವಷ್ಟು ಜಾಗ ಇರುವ ಇನ್ನೊಂದು ಡಿಸ್ಕ್. ಒಂದು ಪೆನ್ ಡ್ರೈವ್. ಡಿಸ್ಕಿನ ಆರೋಗ್ಯ ತೋರಿಸುವ ಒಂದು ಉಚಿತ ಪ್ರೋಗ್ರಾಮ್: ವಿಂಡೋಸ್‌ಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸುಲಭ, ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ಜಿಸ್ಮಾರ್ಟ್‌ಕಂಟ್ರೋಲ್ ಇದೆ. ಜೊತೆಗೆ ಒಂದು ದಿನದ ಬಿಡುವು. ಗಡಿಬಿಡಿಯಲ್ಲಿ ಮಾಡುವ ಕೆಲಸ ಇದಲ್ಲ.

ಪ್ರೋಗ್ರಾಮನ್ನು ಅನುಮಾನವಿರುವ ಡಿಸ್ಕಿಗೇ ಇನ್‌ಸ್ಟಾಲ್ ಮಾಡಬೇಡಿ. ಇನ್‌ಸ್ಟಾಲ್ ಮಾಡದೆ ನಡೆಯುವ ಆವೃತ್ತಿಯನ್ನು ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡು ಅಲ್ಲಿಂದಲೇ ನಡೆಸಿ.

ಹಂತ 1: ಲಕ್ಷಣಗಳನ್ನು ಗಮನಿಸಿ

ಎಲ್ಲ ನಿಧಾನವೂ ಒಂದೇ ಬಗೆಯದ್ದಲ್ಲ. ಇಪ್ಪತ್ತು ಟ್ಯಾಬ್ ತೆರೆದಾಗ ಮಾತ್ರ ಎಲ್ಲ ಕುಂಟುತ್ತದೆ, ಮುಚ್ಚಿದರೆ ಸರಿಹೋಗುತ್ತದೆ ಎಂದಾದರೆ ಮೊದಲು ರ‍್ಯಾಮ್ ಕಡೆ ನೋಡಿ. ಡಿಸ್ಕ್ ಕೆಡುತ್ತಿದ್ದರೆ ಲಕ್ಷಣ ಬೇರೆ ಇರುತ್ತದೆ. ಕಂಪ್ಯೂಟರ್ ಸ್ವಲ್ಪ ಹೊತ್ತು ಚೆನ್ನಾಗಿಯೇ ನಡೆಯುತ್ತದೆ. ಇದ್ದಕ್ಕಿದ್ದಂತೆ ಅರ್ಧ ನಿಮಿಷ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಒಂದು ನಿರ್ದಿಷ್ಟ ಫೋಲ್ಡರ್ ತೆರೆದಾಗ, ಇಲ್ಲವೇ ಒಂದು ನಿರ್ದಿಷ್ಟ ಫೈಲ್ ಕಾಪಿ ಮಾಡುವಾಗ ಪ್ರತಿ ಸಲವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆನ್ ಮಾಡಿದಾಗ ತಾನಾಗಿಯೇ ಡಿಸ್ಕ್ ಚೆಕ್ ಶುರುವಾಗುತ್ತದೆ. ನಿನ್ನೆ ತೆರೆದ ಫೈಲ್ ಇವತ್ತು "ಓದಲು ಆಗುತ್ತಿಲ್ಲ" ಎನ್ನುತ್ತದೆ.

ಶಬ್ದಕ್ಕೂ ಕಿವಿಗೊಡಿ. ಮೆಲ್ಲನೆಯ ಗರಗರ ಸದ್ದು ಸಹಜ. ಒಂದೇ ಲಯದಲ್ಲಿ ಟಕ್, ಟಕ್, ಟಕ್ ಎನ್ನುತ್ತಿದ್ದರೆ, ಕೆರೆಯುವ ಸದ್ದು ಬಂದರೆ, ತಿರುಗಲು ಶುರು ಮಾಡಿ ನಿಂತು ಮತ್ತೆ ಶುರು ಮಾಡುತ್ತಿದ್ದರೆ ಅದು ಬಹುತೇಕ ಯಂತ್ರಭಾಗದ ತೊಂದರೆ. ಆಗ ಮುಂದಿನ ಯಾವ ಹಂತವನ್ನೂ ಮಾಡಬೇಡಿ. ಕಂಪ್ಯೂಟರ್ ಆಫ್ ಮಾಡಿ. ಒಳಗಿರುವುದು ಬೇರೆಲ್ಲೂ ಇಲ್ಲದ ಡೇಟಾ ಆಗಿದ್ದರೆ ಡೇಟಾ ರಿಕವರಿ ಮಾಡುವವರಿಗೇ ಕೊಡಿ. ಹೆಡ್ ತಟ್ಟೆಗೆ ತಾಗುತ್ತಿದ್ದರೆ ಆನ್ ಇರುವ ಒಂದೊಂದು ನಿಮಿಷವೂ ಉಳಿದದ್ದನ್ನು ಕೆರೆದು ಹಾಕುತ್ತದೆ. ಫ್ರೀಜರ್‌ನಲ್ಲಿ ಇಡಿ, ತಟ್ಟಿ ನೋಡಿ, ಮುಚ್ಚಳ ಬಿಚ್ಚಿ ನೋಡಿ ಎಂಬ ಸಲಹೆಗಳನ್ನು ದಯವಿಟ್ಟು ಕೇಳಬೇಡಿ. ತೆರೆದ ಡಿಸ್ಕಿನೊಳಗೆ ಹೋಗುವ ಧೂಳಿನ ಕಣ ಹೆಡ್ ಮತ್ತು ತಟ್ಟೆಯ ನಡುವಿನ ಅಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಹಂತ 2: ಟಾಸ್ಕ್ ಮ್ಯಾನೇಜರ್ ನೋಡಿ, ಆದರೆ ಸರಿಯಾಗಿ ನೋಡಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ. "ಪರ್ಫಾರ್ಮೆನ್ಸ್" ವಿಭಾಗಕ್ಕೆ ಹೋಗಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಅಲ್ಲಿ ಮೂರು ವಿಷಯ ಬೇಕು: ಆಕ್ಟಿವ್ ಟೈಮ್, ಅಂದರೆ ಡಿಸ್ಕ್ ಎಷ್ಟು ಹೊತ್ತು ಕೆಲಸದಲ್ಲಿತ್ತು, ಓದುವ, ಬರೆಯುವ ವೇಗ, ಸರಾಸರಿ ರೆಸ್ಪಾನ್ಸ್ ಟೈಮ್, ಅಂದರೆ ಕೇಳಿದ್ದನ್ನು ತಂದುಕೊಡಲು ಡಿಸ್ಕ್ ತೆಗೆದುಕೊಂಡ ಸಮಯ.

ಬಹಳ ಜನ ಎಡವುವುದು ಇಲ್ಲೇ. "100% ತೋರಿಸುತ್ತಿದೆ, ಡಿಸ್ಕ್ ಹೋಯಿತು" ಎಂದುಕೊಳ್ಳುತ್ತಾರೆ. ಹಾಗಲ್ಲ. ಚೆನ್ನಾಗಿರುವ ಹಾರ್ಡ್ ಡಿಸ್ಕ್ ಕೂಡ ವಿಂಡೋಸ್ ಅಪ್‌ಡೇಟ್, ಆಂಟಿವೈರಸ್ ಸ್ಕ್ಯಾನ್, ಸರ್ಚ್ ಇಂಡೆಕ್ಸಿಂಗ್ ನಡೆಯುವಾಗ 100% ಮುಟ್ಟುತ್ತದೆ. ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕನ್ನೇ ರ‍್ಯಾಮ್ ಹಾಗೆ ಬಳಸುವಾಗಲೂ ಅಷ್ಟೇ. ಚದುರಿದ ಸಣ್ಣ ಸಣ್ಣ ಫೈಲ್‌ಗಳನ್ನು ಓದುವಾಗ ಆರೋಗ್ಯವಂತ ಡಿಸ್ಕಿನ ವೇಗವೂ ಸೆಕೆಂಡಿಗೆ ಒಂದು ಮೆಗಾಬೈಟಿಗಿಂತ ಕೆಳಗೆ ಇಳಿಯಬಹುದು.

ನೀವು ನೋಡಬೇಕಾದದ್ದು ರೆಸ್ಪಾನ್ಸ್ ಟೈಮ್. ಹಾರ್ಡ್ ಡಿಸ್ಕಿಗೆ ಕೆಲಸ ಕಡಿಮೆ ಇದ್ದಾಗ ಅದು ಸಾಮಾನ್ಯವಾಗಿ 10-20 ಮಿಲಿಸೆಕೆಂಡ್ ಆಸುಪಾಸು ಇರುತ್ತದೆ. ಕೆಲಸದ ಒತ್ತಡ ಇದ್ದಾಗ ನೂರು, ಇನ್ನೂರು ದಾಟಿದರೂ ಗಾಬರಿ ಬೇಡ. ಆದರೆ ಎಲ್ಲ ಪ್ರೋಗ್ರಾಮ್ ಮುಚ್ಚಿ ಕಾಲು ಗಂಟೆ ಸುಮ್ನೆ ಬಿಟ್ಟ ಮೇಲೂ ಸಾವಿರಾರು ಮಿಲಿಸೆಕೆಂಡ್ ತೋರಿಸುತ್ತಿದ್ದರೆ ಅನುಮಾನ ಪಡಿ. ಆಕ್ಟಿವ್ ಟೈಮ್ 100% ಇದ್ದು, ಓದುವ ವೇಗವೂ ಬರೆಯುವ ವೇಗವೂ ಸೊನ್ನೆಯಾಗಿ ಹಲವು ಸೆಕೆಂಡ್ ಹಾಗೇ ನಿಂತರೆ ಅನುಮಾನ ಇನ್ನೂ ಬಲ. ಡಿಸ್ಕ್ ಯಾವುದೋ ಜಾಗದಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದೆ ಎಂದರ್ಥ.

ಒಂದು ಅಪವಾದವಿದೆ. ಎಸ್‌ಎಂಆರ್ ಎಂಬ ಬಗೆಯ ಡಿಸ್ಕ್‌ಗಳು ಹೆಚ್ಚು ಡೇಟಾ ಹಿಡಿಸಲು ಪಕ್ಕದ ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಚಾಚಿಕೊಳ್ಳುವಂತೆ ಬರೆಯುತ್ತವೆ. ಇವುಗಳಿಗೆ ಒಂದೇ ಸಮನೆ ಬಹಳಷ್ಟು ಡೇಟಾ ಬರೆದರೆ ವೇಗ ಪಾತಾಳಕ್ಕೆ ಇಳಿಯುತ್ತದೆ. ಅದು ಅವುಗಳ ಸ್ವಭಾವ, ರೋಗವಲ್ಲ. ಬರೆಯುವಾಗ ಮಾತ್ರ ನಿಧಾನ, ಓದುವಾಗ ಸರಿ ಎಂದಾದರೆ ನಿಮ್ಮ ಡಿಸ್ಕಿನ ಮಾಡೆಲ್ ಆ ಬಗೆಯದ್ದೇ ಎಂದು ತಯಾರಕರ ವಿವರದಲ್ಲಿ ನೋಡಿ.

ಹಂತ 3: ಈಗಲೇ ಕಾಪಿ ಮಾಡಿ

ಅನುಮಾನ ಉಳಿದಿದೆಯಾ? ಹಾಗಿದ್ದರೆ ಪರೀಕ್ಷೆ ಪಕ್ಕಕ್ಕಿರಲಿ. ಮೇಲ್ಮೈ ಪರೀಕ್ಷೆ ಎಂದರೆ ಡಿಸ್ಕಿನ ಪ್ರತಿ ಸೆಕ್ಟರನ್ನೂ ಓದಿಸುವುದು. ಸೋತ ಡಿಸ್ಕಿಗೆ ಅದೇ ಕೊನೆಯ ಓಟವಾಗಬಹುದು. ಆ ಓಟದಲ್ಲಿ ಕಾಪಿಯಾದರೂ ಸಿಗಲಿ, ಅಲ್ವಾ?

ಕಾಪಿ ಮಾಡುವ ರೀತಿಯೂ ಮುಖ್ಯ. ಇಡೀ ಡಿಸ್ಕನ್ನು ಒಟ್ಟಿಗೆ ಆಯ್ದು ಎಳೆಯಬೇಡಿ. ಮತ್ತೆ ಸಿಗದಂಥದ್ದು ಮೊದಲು: ಮನೆಯವರ ಫೋಟೊ, ಬರೆದ ಪ್ರಬಂಧ, ಲೆಕ್ಕಪತ್ರ. ಡೌನ್‌ಲೋಡ್ ಮಾಡಿದ ಸಿನಿಮಾ, ಇನ್‌ಸ್ಟಾಲ್ ಮಾಡುವ ಫೈಲ್‌ಗಳು ಕೊನೆಗೆ. ಒಂದೊಂದೇ ಫೋಲ್ಡರ್ ಕಾಪಿ ಮಾಡಿ. ಯಾವುದಾದರೂ ಫೈಲ್ ಹತ್ತಿರ ನಿಂತರೆ ಅದನ್ನು ಬಿಟ್ಟು ಮುಂದೆ ಹೋಗಿ, ಹಟ ಹಿಡಿಯಬೇಡಿ. "ಕಟ್" ಬಳಸಬೇಡಿ, "ಕಾಪಿ"ಯೇ ಇರಲಿ. ನಡುವೆ ಕೈಕೊಟ್ಟರೆ ಯಾವುದು ಎಲ್ಲಿದೆ ಎಂಬ ಗೊಂದಲ ಇರುವುದಿಲ್ಲ. ಮುಗಿದ ಮೇಲೆ ಕಾಪಿಯಾದ ಕೆಲವು ಫೈಲ್‌ಗಳನ್ನು ತೆರೆದು ನೋಡಿ. ಹೆಸರು ಬಂದಿದೆ ಎಂದ ಮಾತ್ರಕ್ಕೆ ಒಳಗಿನದೂ ಬಂದಿದೆ ಎಂದಲ್ಲ.

ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರಿನ ಬುಕ್‌ಮಾರ್ಕ್, ಕಂಪ್ಯೂಟರಿನಲ್ಲೇ ಉಳಿಸಿಕೊಂಡ ಇಮೇಲ್ ಇವು ಸುಲಭವಾಗಿ ಮರೆತುಹೋಗುತ್ತವೆ. ಬಿಟ್‌ಲಾಕರ್ ಹಾಕಿದ್ದರೆ, ಅಂದರೆ ಡಿಸ್ಕಿಗೆ ಗೂಢಲಿಪಿಯ ಬೀಗ ಇದ್ದರೆ, ಅದರ ರಿಕವರಿ ಕೀಯನ್ನು ಈಗಲೇ ಬೇರೆ ಕಡೆ ಬರೆದಿಡಿ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದಾಗ ಆ ಕೀ ಇಲ್ಲದೆ ಏನೂ ತೆರೆಯುವುದಿಲ್ಲ.

ವಿಂಡೋಸ್ ತೆರೆಯುವುದೇ ಕಷ್ಟವಾಗಿದ್ದರೆ ಲಿನಕ್ಸ್ ಹಾಕಿದ ಪೆನ್ ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ ಅಲ್ಲಿಂದ ಕಾಪಿ ಮಾಡಬಹುದು. ವಿಂಡೋಸ್ ತನ್ನ ಕೆಲಸಕ್ಕಾಗಿ ಡಿಸ್ಕನ್ನು ಕೆದಕುತ್ತಿರುವುದು ಆಗ ತಪ್ಪುತ್ತದೆ. ಬ್ಯಾಡ್ ಸೆಕ್ಟರ್ ಜಾಸ್ತಿ ಇದ್ದರೆ ಲಿನಕ್ಸ್‌ನಲ್ಲಿ ಸಿಗುವ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಬಹಳ ಉಪಯುಕ್ತ. ಸುಲಭವಾಗಿ ಓದಲು ಸಿಗುವ ಜಾಗವನ್ನೆಲ್ಲ ಅದು ಮೊದಲು ಎತ್ತಿಕೊಳ್ಳುತ್ತದೆ. ಕಷ್ಟದ ಜಾಗಕ್ಕೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಆಗಿದೆ ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವಂತೆ ಹೇಳಿದರೆ, ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಎಚ್ಚರ: ಯಾವುದರಿಂದ, ಯಾವುದಕ್ಕೆ ಎಂಬುದನ್ನು ಅದಲುಬದಲು ಬರೆದರೆ ಖಾಲಿ ಡಿಸ್ಕ್ ನಿಮ್ಮ ಡೇಟಾ ಮೇಲೆ ಹೋಗಿ ಕೂರುತ್ತದೆ. ಡಿಸ್ಕಿನ ಗಾತ್ರ, ಮಾಡೆಲ್ ಎರಡನ್ನೂ ಹೊಂದಿಸಿ ನೋಡದೆ ಎಂಟರ್ ಒತ್ತಬೇಡಿ. ಕಮಾಂಡ್ ಬರೆದು ಅಭ್ಯಾಸವಿಲ್ಲದವರು ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹಂತ 4: ಸ್ಮಾರ್ಟ್ ದಾಖಲೆ ಓದಿ

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುವ ವ್ಯವಸ್ಥೆಗೆ ಸ್ಮಾರ್ಟ್ ಎಂದು ಹೆಸರು. ಇದನ್ನು ಓದುವುದರಿಂದ ಡಿಸ್ಕಿಗೆ ಹೆಚ್ಚೇನೂ ಶ್ರಮವಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದರೆ ಮೇಲೆ ಬಣ್ಣ ಕಾಣುತ್ತದೆ: ನೀಲಿ ಎಂದರೆ ಚೆನ್ನಾಗಿದೆ, ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ಕೆಟ್ಟಿದೆ. ಬಣ್ಣ ನೋಡಿ ಮುಚ್ಚಬೇಡಿ, ಕೆಳಗಿನ ಪಟ್ಟಿ ಓದಿ. ಅಲ್ಲಿ "ರಾ ವ್ಯಾಲ್ಯೂಸ್" ಎಂಬ ಕೊನೆಯ ಕಾಲಂ ಮುಖ್ಯ. ಅದು ಮೊದಲಿಗೆ ಹದಿನಾರರ ಮೂಲದ ಸಂಖ್ಯೆಯಲ್ಲಿರುತ್ತದೆ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಒಳಗೆ ಹೋಗಿ ರಾ ವ್ಯಾಲ್ಯೂಸನ್ನು 10ರ ಮೂಲಕ್ಕೆ ಬದಲಾಯಿಸಿಕೊಂಡರೆ ನಮ್ಮ ಮಾಮೂಲಿ ಅಂಕಿ ಸಿಗುತ್ತದೆ.

ಪಟ್ಟಿ ಉದ್ದವಿದೆ, ಆದರೆ ನಾಲ್ಕು ಸಾಲು ಸಾಕು.

05, ರೀಅಲೊಕೇಟೆಡ್ ಸೆಕ್ಟರ್: ಕೆಟ್ಟ ಸೆಕ್ಟರಿಗೆ ಬದಲಾಗಿ, ಮೀಸಲು ಜಾಗದಿಂದ ಹೊಸ ಸೆಕ್ಟರ್ ಕೊಟ್ಟ ಲೆಕ್ಕ. ಇದು ಒಂದೆರಡು ಇದ್ದು ತಿಂಗಳುಗಟ್ಟಲೆ ಹಾಗೇ ನಿಂತಿದ್ದರೆ ಡಿಸ್ಕ್ ಇನ್ನೂ ಬಾಳಬಹುದು. ವಾರದಿಂದ ವಾರಕ್ಕೆ ಏರುತ್ತಿದ್ದರೆ ಬದಲಾಯಿಸಿ.

ಸಿ5, ಕರೆಂಟ್ ಪೆಂಡಿಂಗ್ ಸೆಕ್ಟರ್: ಓದಲು ಆಗಲಿಲ್ಲ, ಏನು ಮಾಡುವುದೆಂದು ಇನ್ನೂ ತೀರ್ಮಾನವಾಗಿಲ್ಲ ಎಂಬ ಸೆಕ್ಟರ್‌ಗಳು. ಆ ಜಾಗದಲ್ಲಿ ಮತ್ತೆ ಬರೆದಾಗ ಸರಿಯಾದರೆ ಲೆಕ್ಕ ಇಳಿಯುತ್ತದೆ, ಇಲ್ಲವಾದರೆ ಮೀಸಲು ಸೆಕ್ಟರಿಗೆ ಬದಲಾಗುತ್ತದೆ. ನಿಮ್ಮ ಕಂಪ್ಯೂಟರ್ ನಿಂತು ನಿಂತು ಓಡುವುದಕ್ಕೆ ನೇರ ಸಂಬಂಧ ಇರುವುದು ಈ ಸಾಲಿಗೆ. ಇಲ್ಲಿ ಸೊನ್ನೆ ಬಿಟ್ಟು ಬೇರೆ ಯಾವ ಸಂಖ್ಯೆ ಇದ್ದರೂ ನಾನು ಆ ಡಿಸ್ಕಿನಲ್ಲಿ ಮುಖ್ಯವಾದದ್ದೇನನ್ನೂ ಇಡುವುದಿಲ್ಲ.

ಸಿ6, ಅನ್‌ಕರೆಕ್ಟೆಬಲ್ ಸೆಕ್ಟರ್: ಸರಿಪಡಿಸಲು ಆಗಲೇ ಇಲ್ಲ ಎಂದು ಡಿಸ್ಕ್ ಒಪ್ಪಿಕೊಂಡ ಲೆಕ್ಕ.

ಸಿ7, ಸಿಆರ್‌ಸಿ ಎರರ್: ಇದು ತಟ್ಟೆಯ ದೋಷವಲ್ಲ. ಡಿಸ್ಕಿನಿಂದ ಮದರ್‌ಬೋರ್ಡಿಗೆ ಹೋಗುವ ದಾರಿಯಲ್ಲಿ ಡೇಟಾ ಕೆಟ್ಟಿದೆ ಎಂದರ್ಥ. ಬಹಳ ಸಲ ಕೇಬಲ್ ಸಡಿಲವಾಗಿರುತ್ತದೆ. ಈ ಲೆಕ್ಕ ಒಮ್ಮೆ ಏರಿದರೆ ಇಳಿಯುವುದಿಲ್ಲ. ಹಾಗಾಗಿ ಕೇಬಲ್ ಬದಲಾಯಿಸಿದ ಮೇಲೆ ಮತ್ತೆ ಏರುತ್ತದೆಯೇ ಎಂಬುದನ್ನಷ್ಟೇ ನೋಡಿ.

"ರಾ ರೀಡ್ ಎರರ್ ರೇಟ್" ಎದುರಿನ ಭಾರೀ ಸಂಖ್ಯೆ ನೋಡಿ ಹೆದರುವವರು ಬಹಳ. ಸೀಗೇಟ್ ಡಿಸ್ಕ್‌ಗಳಲ್ಲಿ ಅಲ್ಲಿ ದೊಡ್ಡ ಸಂಖ್ಯೆ ಇರುವುದು ಮಾಮೂಲು. "ಪವರ್ ಆನ್ ಅವರ್ಸ್" ಎಂದರೆ ಡಿಸ್ಕ್ ಒಟ್ಟು ಎಷ್ಟು ಗಂಟೆ ನಡೆದಿದೆ ಎಂಬುದು. ಬಿಡುವಿಲ್ಲದೆ ಒಂದು ವರ್ಷ ನಡೆದರೆ 8,760 ಗಂಟೆ. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವವರು ಇದನ್ನು ತಪ್ಪದೆ ನೋಡಿ.

ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿ ತೆರೆದು, ಎಲ್ಲ ಡಿವೈಸ್‌ಗಳನ್ನು ತೋರಿಸುವಂತೆ ಮಾಡಿ, ಮೇಲಿನ ಸಾಲಿನ ಡಿಸ್ಕನ್ನು ಆಯ್ದರೆ ಸ್ಮಾರ್ಟ್ ಸ್ಥಿತಿ ಕಾಣುತ್ತದೆ. ಯುಎಸ್‌ಬಿ ಡಿಸ್ಕ್‌ಗಳಿಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ.

ಸ್ಮಾರ್ಟ್ "ಚೆನ್ನಾಗಿದೆ" ಎಂದರೆ ನೆಮ್ಮದಿಯಾಗಿ ಇರಬಹುದಾ? ಇಲ್ಲ. ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನವನ್ನು 2007ರಲ್ಲಿ ಪ್ರಕಟಿಸಿತು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಆ ಅಧ್ಯಯನ ಪ್ರಮುಖವೆಂದು ಗುರುತಿಸಿದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಇನ್ನೊಂದು ಕಡೆ, ಮೊದಲ ಸ್ಕ್ಯಾನ್ ಎರರ್, ಅಂದರೆ ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವಾಗ ಸಿಗುವ ದೋಷ, ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ಅಂಥ ಎರರ್ ಇಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚಿತ್ತು. ಅಂದರೆ ಸ್ಮಾರ್ಟ್ ಎಚ್ಚರಿಸಿದರೆ ನಂಬಿ. ಸುಮ್ಮನಿದ್ದರೆ ಪೂರ್ತಿ ನಂಬಬೇಡಿ.

ಹಂತ 5: ವಿಂಡೋಸ್ ಬರೆದಿಟ್ಟ ದಿನಚರಿ ನೋಡಿ

ಸ್ಮಾರ್ಟ್‌ನಲ್ಲಿ ಏನೂ ಕಾಣದಿದ್ದರೆ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಮೂಲ "ಡಿಸ್ಕ್" ಎಂದು ಇರುವ ಸಾಲುಗಳನ್ನು ಹುಡುಕಿ. ಈವೆಂಟ್ 7 ಎಂದರೆ ಬ್ಯಾಡ್ ಬ್ಲಾಕ್ ಸಿಕ್ಕಿದೆ. 153 ಎಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಪ್ರಯತ್ನಿಸಬೇಕಾಯಿತು. 51 ಎಂದರೆ ಪೇಜಿಂಗ್ ನಡೆಯುವಾಗ, ಅಂದರೆ ಮೆಮೊರಿ ಮತ್ತು ಡಿಸ್ಕಿನ ನಡುವೆ ಡೇಟಾ ಓಡಾಡುವಾಗ ತೊಂದರೆಯಾಯಿತು. ಕಂಪ್ಯೂಟರ್ ನಿಂತ ಸಮಯವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಇಲ್ಲಿನ ಸಮಯದ ಜೊತೆ ತಾಳೆ ನೋಡಿ. ಎರಡೂ ಹೊಂದಿದರೆ ಡಿಸ್ಕ್ ಅಥವಾ ಅದರ ಸಂಪರ್ಕದಲ್ಲೇ ತೊಂದರೆ. ಯಾವ ಡಿಸ್ಕ್ ಎಂಬುದನ್ನೂ ಓದಿ. ಎಷ್ಟೋ ಸಲ ದೂರು ಇರುವುದು ಚುಚ್ಚಿಟ್ಟ ಪೆನ್ ಡ್ರೈವ್ ಮೇಲೆ.

ಹಂತ 6: ಕೇಬಲ್ ಪರೀಕ್ಷಿಸಿ

ಡೆಸ್ಕ್‌ಟಾಪ್ ಆಗಿದ್ದರೆ ವಿದ್ಯುತ್ ಸಂಪರ್ಕ ತೆಗೆದು, ಡಿಸ್ಕಿನ ಎರಡೂ ಕೇಬಲ್‌ಗಳನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಹಾಕಿ. ಸಾಟಾ ಕೇಬಲ್, ಅಂದರೆ ಡೇಟಾ ಸಾಗಿಸುವ ಚಪ್ಪಟೆ ಕೇಬಲ್, ಬೇರೆ ಸಿಕ್ಕರೆ ಬದಲಾಯಿಸಿ ನೋಡಿ. ಯುಎಸ್‌ಬಿ ಡಿಸ್ಕ್ ಆಗಿದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್ ಬಳಸಿ. ಹಬ್ ಬೇಡ, ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ಸಾಕಷ್ಟು ವಿದ್ಯುತ್ ಸಿಗದ ಡಿಸ್ಕ್ ಕೂಡ ಟಕ್ ಟಕ್ ಎನ್ನಬಹುದು.

ಹಂತ 7: ಪೂರ್ಣ ಪರೀಕ್ಷೆ

ಕಾಪಿ ಆಗಿದೆ, ಆದರೂ ಡಿಸ್ಕ್ ಒಳ್ಳೆಯದೋ ಕೆಟ್ಟದೋ ತಿಳಿಯುತ್ತಿಲ್ಲ ಎನ್ನುವಾಗ ಮಾತ್ರ ಇದು. ಜಿಸ್ಮಾರ್ಟ್‌ಕಂಟ್ರೋಲ್‌ನಲ್ಲಿ ಎರಡು ಪರೀಕ್ಷೆಗಳಿವೆ. ಶಾರ್ಟ್ ಟೆಸ್ಟ್ ಕೆಲವು ನಿಮಿಷದಲ್ಲಿ ಮುಗಿಯುತ್ತದೆ, ಡಿಸ್ಕಿನ ಸ್ವಲ್ಪ ಭಾಗವನ್ನಷ್ಟೇ ಓದುತ್ತದೆ. ಅದು ಪಾಸಾಯಿತು ಎಂದು ನಿಲ್ಲಿಸಬೇಡಿ. ಎಕ್ಸ್‌ಟೆಂಡೆಡ್ ಟೆಸ್ಟ್ ಇಡೀ ಮೇಲ್ಮೈಯನ್ನು ಓದುತ್ತದೆ, ಹಲವು ಗಂಟೆ ಹಿಡಿಯುತ್ತದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿ, ಸ್ಲೀಪ್ ಆಗದಂತೆ ಮಾಡಿ, ಬೇರೆ ಕೆಲಸ ಮಾಡದೆ ಬಿಡಿ. "ರೀಡ್ ಫೇಲ್ಯೂರ್" ಎಂದು ಬಂದರೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿ ಚೆಕ್ ಡಿಸ್ಕ್ ಬಗ್ಗೆ ಹೇಳಲೇಬೇಕು. ವಿಂಡೋಸ್‌ನ ಈ ಸಾಧನ ಮುಖ್ಯವಾಗಿ ಸರಿಪಡಿಸುವುದು ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕದ ಪುಸ್ತಕವನ್ನು. ಹಾಳಾದ ತಟ್ಟೆಯನ್ನು ಅದು ರಿಪೇರಿ ಮಾಡಲಾರದು. ಬ್ಯಾಡ್ ಸೆಕ್ಟರ್ ಹುಡುಕಲು ಹೇಳಿದರೆ ಇಡೀ ಡಿಸ್ಕನ್ನು ಉಜ್ಜುತ್ತದೆ, ಜೊತೆಗೆ ಲೆಕ್ಕದ ಪುಸ್ತಕವನ್ನೂ ತಿದ್ದುತ್ತದೆ. ಆ ತಿದ್ದುವಿಕೆಯಲ್ಲಿ ಫೈಲ್‌ಗಳು ಚೂರುಚೂರಾಗಿ ಬೇರೆ ಹೆಸರಿನಲ್ಲಿ ಸಿಗಬಹುದು. ಕಾಪಿ ಆಗದೆ ಇದನ್ನು ನಡೆಸಬೇಡಿ. ಕಂಪ್ಯೂಟರ್ ಶುರುವಾಗುವಾಗ ತಾನಾಗಿ ಹೊರಟರೆ, ಸಮಯ ಮೀರುವ ಮೊದಲು ಯಾವುದಾದರೂ ಕೀ ಒತ್ತಿ ಬಿಟ್ಟುಬಿಡಬಹುದು. ಡಿಫ್ರ್ಯಾಗ್ ಕೂಡ ಬೇಡ. ಕೆಡುತ್ತಿರುವ ಡಿಸ್ಕಿನಲ್ಲಿ ಫೈಲ್‌ಗಳನ್ನು ಆಚೀಚೆ ಸಾಗಿಸುವುದು ಅಪಾಯ.

ಹಂತ 8: ತೀರ್ಮಾನ ತೆಗೆದುಕೊಳ್ಳಿ

ಸಿ5 ಅಥವಾ ಸಿ6ನಲ್ಲಿ ಸಂಖ್ಯೆ ಇದೆ, 05 ಏರುತ್ತಿದೆ, ಇಲ್ಲವೇ ಎಕ್ಸ್‌ಟೆಂಡೆಡ್ ಟೆಸ್ಟ್ ಫೇಲ್ ಆಗಿದೆ ಎಂದಾದರೆ ಡಿಸ್ಕ್ ಬದಲಾಯಿಸಿ. "ಬ್ಯಾಡ್ ಸೆಕ್ಟರ್ ರಿಪೇರಿ" ಎಂಬ ಪ್ರೋಗ್ರಾಮ್‌ಗಳಿಗೆ ಹಣ ಕೊಡಬೇಡಿ. ವಾರಂಟಿ ಉಳಿದಿದೆಯೇ ಎಂಬುದನ್ನು ಡಿಸ್ಕಿನ ಸೀರಿಯಲ್ ನಂಬರ್ ಹಾಕಿ ತಯಾರಕರ ತಾಣದಲ್ಲಿ ನೋಡಬಹುದು. ವಾರಂಟಿಯಲ್ಲಿ ಸಿಗುವುದು ಬದಲಿ ಡಿಸ್ಕ್, ನಿಮ್ಮ ಡೇಟಾ ಅಲ್ಲ.

ಸಿ7 ಮಾತ್ರ ಏರಿದ್ದು, ಕೇಬಲ್ ಬದಲಾಯಿಸಿದ ಮೇಲೆ ನಿಂತಿದ್ದರೆ ಡಿಸ್ಕ್ ಇಟ್ಟುಕೊಳ್ಳಿ. ಎಲ್ಲ ಪರೀಕ್ಷೆಯೂ ಪಾಸಾಗಿ, ಕಂಪ್ಯೂಟರ್ ಮಾತ್ರ ಸದಾ ಆಮೆಯಂತಿದ್ದರೆ ಡಿಸ್ಕ್ ಕೆಟ್ಟಿಲ್ಲ. ಈಗಿನ ವಿಂಡೋಸ್‌ಗೆ ತಿರುಗುವ ಡಿಸ್ಕಿನ ವೇಗ ಸಾಲುತ್ತಿಲ್ಲ ಅಷ್ಟೇ. ಅದಕ್ಕೆ ಎಸ್‌ಎಸ್‌ಡಿಯೇ ಉತ್ತರ. ಎಸ್‌ಎಸ್‌ಡಿ ಎಂದರೆ ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್. ಆದರೆ ಅದು ಕೆಡುವಾಗ ಸದ್ದಿಲ್ಲದೆ, ಕೆಲವೊಮ್ಮೆ ಮುನ್ಸೂಚನೆಯೇ ಇಲ್ಲದೆ ಒಮ್ಮೆಲೇ ನಿಲ್ಲುತ್ತದೆ. ಹಾಗಾಗಿ ಬ್ಯಾಕಪ್ ಅಲ್ಲಿಯೂ ಬೇಕು.

ಹೊಸ ಡಿಸ್ಕಿಗೆ ಹೋಗುವಾಗ ಹಳೆಯದನ್ನು ಇದ್ದಂತೆಯೇ ಕ್ಲೋನ್ ಮಾಡಿ, ಅಂದರೆ ಪಡಿಯಚ್ಚು ತೆಗೆದು ಹಾಕುವ ಆಸೆ ಬರುತ್ತದೆ. ಬ್ಯಾಡ್ ಸೆಕ್ಟರ್ ಇರುವ ಡಿಸ್ಕಿನಲ್ಲಿ ಕ್ಲೋನ್ ಅರ್ಧಕ್ಕೆ ನಿಲ್ಲಬಹುದು. ಮುಗಿದರೂ ಕೆಟ್ಟ ಸಿಸ್ಟಮ್ ಫೈಲ್‌ಗಳು ಹಾಗೇ ಹೊಸ ಡಿಸ್ಕಿಗೆ ಬರುತ್ತವೆ. ವಿಂಡೋಸನ್ನು ಹೊಸದಾಗಿ ಹಾಕಿ, ಕಾಪಿ ಮಾಡಿಟ್ಟ ಫೈಲ್‌ಗಳನ್ನು ತಂದುಕೊಳ್ಳುವುದೇ ಒಳ್ಳೆಯದು.

ಹಳೆಯ ಡಿಸ್ಕನ್ನು ಒಂದೆರಡು ತಿಂಗಳು ಎತ್ತಿಡಿ. ಮರೆತ ಫೈಲ್ ಯಾವುದಾದರೂ ನೆನಪಾಗಬಹುದು. ಆಮೇಲೆ ಎಸೆಯುವ ಮೊದಲು ಡೇಟಾ ಅಳಿಸಿ. ಓದಲು ಬಾರದ ಸೆಕ್ಟರ್ ಇರುವ ಡಿಸ್ಕನ್ನು ಪೂರ್ತಿ ಅಳಿಸಲು ಆಗದೇ ಇರಬಹುದು. ಅಂಥದ್ದನ್ನು ಮಾರಬೇಡಿ, ಯಾರಿಗೂ ಕೊಡಬೇಡಿ. ಒಳಗಿನ ತಟ್ಟೆಗಳನ್ನು ಹಾಳು ಮಾಡಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಕೆಲವು ತಟ್ಟೆಗಳು ಗಾಜಿನವು, ಬಡಿದರೆ ಚೂರಾಗಿ ಸಿಡಿಯುತ್ತವೆ. ಕನ್ನಡಕ, ಕೈಗವಸು ಹಾಕಿಕೊಂಡೇ ಆ ಕೆಲಸ ಮಾಡಿ.